ಅಪಘಾತವಾದ ಮೇಲೆ ಆಸ್ಪತ್ರೆ ಖರ್ಚು: ಮೊದಲು ಯಾವ ಬಾಗಿಲು ತಟ್ಟಬೇಕು?

ಮೆಣಸು ಕೊಯ್ಯುವಾಗ ಏಣಿ ಜಾರಿ ಸೊಂಟ ಮುರಿದವರು. ಶಿರಾಡಿ ಘಾಟಿಯಲ್ಲಿ ಲಾರಿ ತಾಗಿ ಬೈಕಿನಿಂದ ಬಿದ್ದವರು. ಕೊಪ್ಪದ ಕಡೆಯಿಂದ ಬಂದ, ಅಡಿಕೆ ಮರದಿಂದ ಬಿದ್ದವರು. ಆಲೂರಿನ ತೋಟದಲ್ಲಿ ಆನೆ ಎದುರಾಗಿ ಓಡುವಾಗ ಕಾಲು ಮುರಿದುಕೊಂಡವರು. ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ಮೂಳೆ ವಾರ್ಡುಗಳಲ್ಲಿ ಒಂದು ಸುತ್ತು ಹೊಡೆದರೆ ಇಂಥವರೇ ಸಿಗುತ್ತಾರೆ. ನಾಲ್ವರಿಗೂ ಮುರಿದಿರುವುದು ಒಂದೇ ಮೂಳೆ ಇರಬಹುದು. ಆದರೆ ನಾಲ್ವರ ಖರ್ಚು ಕೊಡಬೇಕಾದವರು ಬೇರೆ ಬೇರೆ. ಒಬ್ಬರಿಗೆ ವಾಹನದ ವಿಮೆ, ಒಬ್ಬರಿಗೆ ತೋಟದ ಮಾಲೀಕರು, ಒಬ್ಬರಿಗೆ ಅರಣ್ಯ ಇಲಾಖೆ, ಇನ್ನೊಬ್ಬರಿಗೆ ರೇಷನ್ ಕಾರ್ಡ್.

ನಮ್ಮ ಜನ ಮಾಡುವುದೇನು? ಮೊದಲು ಒಡವೆ ಬ್ಯಾಂಕಿಗೆ ಹೋಗುತ್ತದೆ. ಆಮೇಲೆ ಯಾರೋ ಹೇಳಿದರು ಅಂತ ಯೋಜನೆ ಹುಡುಕುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ, ಇಲ್ಲವೇ ಆಸ್ಪತ್ರೆಯ ಕಾಗದದಲ್ಲಿ ತಪ್ಪು ಕಾರಣ ಬರೆದಿರುತ್ತದೆ. ಈ ಲೇಖನದಲ್ಲಿ ಆ ಕ್ರಮವನ್ನು ತಿರುಗಿಸಿ ಹೇಳುತ್ತೇನೆ. ಮೊದಲು ಕಾಗದ, ಆಮೇಲೆ ಯೋಜನೆ, ಕೊನೆಗೆ ಸಾಲ.

ಮೊದಲ ಗಂಟೆ

ಇಲ್ಲಿ ದುಡ್ಡಿನ ಲೆಕ್ಕ ಬೇಡ. 108ಕ್ಕೆ ಫೋನ್ ಮಾಡಿ. ಆ ಆಂಬುಲೆನ್ಸ್‌ಗೆ ಹಣ ಕೊಡಬೇಕಿಲ್ಲ. ಸಾಮಾನ್ಯವಾಗಿ ಅದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತದೆ. ಸಕಲೇಶಪುರದ ಕಡೆಯಾದರೆ ಕ್ರಾಫರ್ಡ್ ಆಸ್ಪತ್ರೆ. ದೊಡ್ಡ ಗಾಯವಾದರೆ ಹಾಸನದ ಹಿಮ್ಸ್, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಾದರೆ ಜಿಲ್ಲಾಸ್ಪತ್ರೆ.

ಹತ್ತಿರದಲ್ಲಿ ಖಾಸಗಿ ಆಸ್ಪತ್ರೆ ಮಾತ್ರ ಇದ್ದರೆ ಅಲ್ಲಿಗೇ ಹೋಗಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಪ್ರಕಾರ, ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕಟ್ಟಿ ಅಂತ ಕಾಯಿಸದೆ ಪ್ರಾಣ ಉಳಿಸುವ ಚಿಕಿತ್ಸೆ ಕೊಡಲೇಬೇಕು. "ಮೊದಲು ಐವತ್ತು ಸಾವಿರ ಕಟ್ಟಿ" ಅಂದರೆ ಗಲಾಟೆ ಮಾಡಬೇಡಿ. "ಕೆಪಿಎಂಇ ಕಾಯ್ದೆ ಇದೆಯಲ್ವಾ ಸಾರ್, ಮೊದಲು ನೋಡಿ, ಕಾಗದ ಆಮೇಲೆ ಮಾಡೋಣ" ಅಂತ ಮೆತ್ತಗೆ ಹೇಳಿ. ಕಾಯ್ದೆಯ ಹೆಸರು ಕೇಳಿದರೆ ಕೌಂಟರಿನ ದನಿ ಬದಲಾಗುತ್ತದೆ.

ರಸ್ತೆಯಲ್ಲಿ ಬಿದ್ದ ಅಪರಿಚಿತರನ್ನು ನೀವು ಆಸ್ಪತ್ರೆಗೆ ಸೇರಿಸಿದ್ದೀರಾ? ನಿಮ್ಮ ಹೆಸರು ಕೊಡಲೇಬೇಕು ಅಂತಿಲ್ಲ. ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134-ಎ ವಿಧಿ ನಿಮಗೆ ರಕ್ಷಣೆ ಕೊಡುತ್ತದೆ.

ಮನೆಯವರಿಗೆ ಒಂದು ಮಾತು. ಆಸ್ಪತ್ರೆಗೆ ಹತ್ತು ಜನ ಓಡಿಬರುತ್ತಾರೆ. ಅವರಲ್ಲಿ ಒಬ್ಬರು ಕಾಗದದ ಕೆಲಸ ವಹಿಸಿಕೊಳ್ಳಲಿ. ಒಬ್ಬರೇ ಇರಲಿ. ಚೀಟಿ, ರಸೀದಿ, ರಿಪೋರ್ಟ್ ಎಲ್ಲ ಅವರ ಕೈಯಲ್ಲಿರುವ ಒಂದೇ ಫೈಲಿಗೆ ಹೋಗಲಿ. ಆಧಾರ್, ರೇಷನ್ ಕಾರ್ಡ್, ವಿಮೆ ಕಾರ್ಡ್, ಯಶಸ್ವಿನಿ ಕಾರ್ಡ್ ಏನಿದ್ದರೂ ಮನೆಯಿಂದ ತರಿಸಲಿ. ಎಲ್ಲದಕ್ಕೂ ಫೋನಿನಲ್ಲಿ ಫೋಟೋ ತೆಗೆದಿಡಲಿ.

"ಹೇಗಾಯ್ತು?" ಅಂತ ಕೇಳಿದಾಗ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ತುರ್ತು ವಿಭಾಗದಲ್ಲಿ ಡಾಕ್ಟರ್ ಒಂದು ಪ್ರಶ್ನೆ ಕೇಳುತ್ತಾರೆ: ಗಾಯ ಹೇಗಾಯ್ತು? ನೀವು ಕೊಡುವ ಉತ್ತರ ಅಪಘಾತದ ರಿಜಿಸ್ಟರಿಗೆ ಹೋಗುತ್ತದೆ. ಅಲ್ಲಿಂದ ಕೇಸ್ ಶೀಟಿಗೆ, ಡಿಸ್ಚಾರ್ಜ್ ಸಮ್ಮರಿಗೆ, ಗಾಯದ ಪ್ರಮಾಣಪತ್ರಕ್ಕೆ ಅದೇ ಸಾಲು ಹೋಗುತ್ತದೆ. ವಿಮೆ ಕಂಪನಿಯ ವಕೀಲರು ಎರಡು ವರ್ಷದ ನಂತರ ಕೋರ್ಟಿನಲ್ಲಿ ತೆಗೆದು ಓದುವುದೂ ಅದನ್ನೇ.

ಗುದ್ದಿದವನು ನಮ್ಮೂರಿನವನೇ, ಪೊಲೀಸ್ ಯಾಕೆ ಸುಮ್ನೆ ಅಂತ "ಮನೆಯಲ್ಲಿ ಜಾರಿ ಬಿದ್ರು" ಅಂತ ಬರೆಸುವವರು ಜಾಸ್ತಿ. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬಂದು "ಸಾಹುಕಾರ್ರು ನೋಡ್ಕೋತಾರೆ, ಕೆಲಸದಲ್ಲಿ ಬಿದ್ದಿದ್ದು ಅಂತ ಬರೆಸ್ಬೇಡಿ" ಅನ್ನುವುದೂ ಉಂಟು. ಮೊದಲ ವಾರ ಅವರು ನೋಡಿಕೊಳ್ಳಬಹುದು. ಎರಡನೇ ಆಪರೇಷನ್ನಿಗೆ ಫೋನ್ ಎತ್ತದಿದ್ದರೆ ನಿಮ್ಮ ಕೈಯಲ್ಲಿರುವ ಕಾಗದವೇ ನಿಮಗೆ ಎದುರು ಸಾಕ್ಷಿ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿ. ವಾಹನದ ನಂಬರ್ ಗೊತ್ತಿದ್ದರೆ ಹೇಳಿ. ಜಾಗ, ಸಮಯ, ಯಾರ ಕೆಲಸಕ್ಕೆ ಹೋದಾಗ ಆಯ್ತು ಎಲ್ಲ ಹೇಳಿ. ಇಲ್ಲದ್ದನ್ನು ಸೇರಿಸಲೂ ಬೇಡಿ. ತಾನೇ ಜಾರಿ ಬಿದ್ದ ಬೈಕಿಗೆ "ಕಾರು ಗುದ್ದಿತು" ಅಂತ ಬರೆಸಿದರೆ ತನಿಖೆಯಲ್ಲಿ ಸಿಕ್ಕಿಬೀಳುತ್ತದೆ. ಆಗ ನ್ಯಾಯವಾಗಿ ಸಿಗಬೇಕಾದದ್ದೂ ಹೋಗುತ್ತದೆ.

ರಸ್ತೆ ಅಪಘಾತ, ಹೊಡೆದಾಟ, ಕೆಲಸದ ಜಾಗದ ಅಪಘಾತಗಳನ್ನು ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್ ಅಂತ ದಾಖಲು ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಎಂಎಲ್‌ಸಿ ಅಂದ ತಕ್ಷಣ ಹೆದರಬೇಡಿ. ರೋಗಿಯ ಮೇಲೆ ಕೇಸ್ ಹಾಕಿದರು ಅಂತ ಅರ್ಥ ಅಲ್ಲ. ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗುತ್ತದೆ. ಕೇಳಿ ಪಡೆಯಿರಿ.

ರಸ್ತೆ ಅಪಘಾತವಾದರೆ

2025ರ ಮೇ 5ರಿಂದ ದೇಶದಲ್ಲಿ ಒಂದು ಹೊಸ ಯೋಜನೆ ಇದೆ. ಮೋಟಾರು ವಾಹನದಿಂದ ರಸ್ತೆಯಲ್ಲಿ ಗಾಯಗೊಂಡ ಯಾರಿಗೇ ಆಗಲಿ, ನಿಗದಿತ ಆಸ್ಪತ್ರೆಯಲ್ಲಿ 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ. ಅಪಘಾತವಾದ ದಿನದಿಂದ 7 ದಿನಗಳವರೆಗೆ ಮಾತ್ರ. ಬಡವ, ಶ್ರೀಮಂತ, ಬಿಪಿಎಲ್, ಎಪಿಎಲ್ ಅಂತ ಭೇದವಿಲ್ಲ. ಯಾವ ರಸ್ತೆಯಾದರೂ ಸರಿ, ಹೆದ್ದಾರಿಯೇ ಆಗಬೇಕಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋಗಿದ್ದರೆ ಸ್ಥಿತಿ ಸ್ಥಿರವಾಗುವವರೆಗಿನ ಚಿಕಿತ್ಸೆಗೆ ಮಾತ್ರ ಇದು ಅನ್ವಯ.

ಇದರ ಕೀಲಿ ಇರುವುದು ಪೊಲೀಸರ ಕೈಯಲ್ಲಿ. ಇದು ರಸ್ತೆ ಅಪಘಾತವೇ ಹೌದು ಅಂತ ಅವರು ಕಂಪ್ಯೂಟರಿನಲ್ಲಿ ದೃಢಪಡಿಸಬೇಕು. ಆಗ ಮಾತ್ರ ಆಸ್ಪತ್ರೆಗೆ ಹಣ ಬರುತ್ತದೆ. ಅದಕ್ಕೇ "ಜಾರಿ ಬಿದ್ರು" ಅನ್ನುವ ಸುಳ್ಳು ಇಷ್ಟು ದುಬಾರಿ. ತುರ್ತು ಸಹಾಯದ 112ಕ್ಕೆ ಕರೆ ಮಾಡಿದ ದಾಖಲೆ ಇದ್ದರೆ ಕೆಲಸ ಸಲೀಸು. ಬಿಲ್ಲಿಂಗ್ ಕೌಂಟರಿನವರಿಗೆ ಗೊತ್ತಿಲ್ಲದೆಯೂ ಇರಬಹುದು. "ರಸ್ತೆ ಅಪಘಾತದ ನಗದುರಹಿತ ಯೋಜನೆ, 1.5 ಲಕ್ಷದ್ದು" ಅಂತ ಬಿಡಿಸಿ ಹೇಳಿ. ಏಳು ದಿನ ಬೇಗ ಕಳೆಯುತ್ತದೆ. ಎಂಟನೇ ದಿನ ಕೇಳಿದರೆ ಏನೂ ಸಿಗದು.

ಇದು ತಕ್ಷಣದ ಖರ್ಚಿನ ಮಾತಾಯ್ತು. ನಿಜವಾದ ಪರಿಹಾರ ಬರಬೇಕಾದದ್ದು ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ, ಅಂದರೆ ಆ ವಾಹನದಿಂದ ಬೇರೆಯವರಿಗೆ ಆದ ಹಾನಿಗೆ ಇರುವ ವಿಮೆಯಿಂದ. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗದೆ ಕಳೆದುಕೊಂಡ ಕೂಲಿ, ನೋವು, ಮುಂದಿನ ಚಿಕಿತ್ಸೆ ಎಲ್ಲವನ್ನೂ ಅಲ್ಲಿ ಕೇಳಬಹುದು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. 2019ರ ತಿದ್ದುಪಡಿ ಆ ಗಡುವು ಇಟ್ಟಿದೆ. ಅಪಘಾತ ಬೆಂಗಳೂರಿನಲ್ಲಾಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಹಾಸನದವರು ಹಾಸನದಲ್ಲೇ ಹಾಕಬಹುದು. ಪ್ರತಿ ಹಿಯರಿಂಗಿಗೂ ಬೆಂಗಳೂರಿಗೆ ಓಡಬೇಕಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಗುದ್ದಿ ಓಡಿಹೋದ ವಾಹನ ಸಿಗಲೇ ಇಲ್ಲವೇ? ಅದಕ್ಕೂ ಪ್ರತ್ಯೇಕ ಪರಿಹಾರ ಇದೆ. ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ಎಫ್‌ಐಆರ್ ಇಲ್ಲದೆ ಇದು ಸಿಗದು.

ತಾನೇ ಬೈಕ್ ಓಡಿಸುತ್ತಾ ಬಿದ್ದವರದ್ದು ಕಷ್ಟದ ಕತೆ. ವಾಹನ ವಿಮೆಯ ಜೊತೆ ಬರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮುರಿದ ಕಾಲಿನ ಆಪರೇಷನ್ ಖರ್ಚಿಗೆ ಅದು ಬರುವುದಿಲ್ಲ. "ಬೈಕಿಗೆ ಇನ್ಶೂರೆನ್ಸ್ ಇದೆಯಲ್ಲ" ಅಂತ ನೆಮ್ಮದಿಯಾಗಿರುವವರು ಇದನ್ನು ನೆನಪಿಡಬೇಕು. ಮೇಲೆ ಹೇಳಿದ ಏಳು ದಿನದ ಯೋಜನೆ ಮಾತ್ರ ಇವರಿಗೂ ಅನ್ವಯಿಸುತ್ತದೆ.

ವಕೀಲರ ವಿಷಯ. ಆಸ್ಪತ್ರೆ ಬಾಗಿಲಿಗೇ ಬಂದು ಖಾಲಿ ಕಾಗದಕ್ಕೆ ಸಹಿ ಕೇಳುವವರಿಂದ ದೂರ ಇರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಅದು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100.

ಕೆಲಸದಲ್ಲಿ ಆದ ಗಾಯ

ಕಾಫಿ ಕೊಯ್ಲು, ಅದು ಮುಗಿಯುತ್ತಿದ್ದ ಹಾಗೆ ಮೆಣಸು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತುವ ಕೆಲಸ ಎಷ್ಟು ಅಪಾಯದ್ದು ಅಂತ ತೋಟದ ಊರಿನವರಿಗೆ ಹೇಳಬೇಕಿಲ್ಲ. ಕೆಲಸ ಮಾಡುವಾಗ, ಆ ಕೆಲಸದಿಂದಲೇ ಗಾಯವಾದರೆ ಚಿಕಿತ್ಸೆಗೆ ತಗುಲಿದ ನಿಜವಾದ ಖರ್ಚು ಮಾಲೀಕರ ಮೇಲೆ. ಅದು ಕಾನೂನು. ಖರ್ಚಿನ ಜೊತೆಗೆ ದುಡಿಯಲಾಗದ ಅವಧಿಗೆ, ಉಳಿದುಹೋಗುವ ಊನಕ್ಕೆ ಪರಿಹಾರವೂ ಸೇರುತ್ತದೆ. ದಿನಗೂಲಿಯವರು, ಅಸ್ಸಾಂನಿಂದ ಬಂದು ಲೈನ್ ಮನೆಯಲ್ಲಿ ಇರುವವರು ಅನ್ನುವ ಕಾರಣಕ್ಕೆ ಇದು ತಪ್ಪುವುದಿಲ್ಲ.

ಆದರೆ ಕೆಲಸದಲ್ಲಿದ್ದರು ಅನ್ನಲು ಸಾಕ್ಷಿ ಬೇಕು. ಹಾಜರಿ ಪುಸ್ತಕದ ಆ ದಿನದ ಪುಟ, ಕೂಲಿ ಕೊಟ್ಟ ಚೀಟಿ ಇಲ್ಲವೇ ಫೋನ್‌ಪೇ ದಾಖಲೆ, ಜೊತೆಗಿದ್ದ ಇಬ್ಬರ ಹೆಸರು. ಇವನ್ನು ಅದೇ ವಾರ ಹೊಂದಿಸಿಕೊಳ್ಳಿ. ಕೊಯ್ಲು ಮುಗಿದರೆ ಸಾಕ್ಷಿಗಳೂ ಊರು ಬಿಡುತ್ತಾರೆ. ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ವಾಟ್ಸ್ಯಾಪ್ ಸಂದೇಶವೂ ಏನೂ ಇಲ್ಲದ್ದಕ್ಕಿಂತ ವಾಸಿ. ಮಾತಿನಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅವರ ಸಹಾಯವಾಣಿ 155214.

ತೋಟದ ಮಾಲೀಕರೂ ಇದನ್ನು ಓದುತ್ತಿರಬಹುದು. ನಾಲ್ಕು ಎಕರೆಯ ಸಣ್ಣ ಬೆಳೆಗಾರರಿಗೆ ಒಂದು ಸೊಂಟದ ಆಪರೇಷನ್ ಅಂದರೆ ಒಂದು ವರ್ಷದ ಲಾಭವೇ ಹೋಗಬಹುದು. ಕೆಲಸಗಾರರ ಪರಿಹಾರಕ್ಕೆ ಅಂತಲೇ ವಿಮೆ ಪಾಲಿಸಿ ಇದೆ. ಕೊಯ್ಲಿಗೆ ಮೊದಲು ವಿಚಾರಿಸಿ.

ಹಾಸನದ ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇದ್ದು ಸಂಬಳದಲ್ಲಿ 0.75 ಶೇಕಡ ಕಡಿತವಾಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಚಿಕಿತ್ಸೆ ಇಎಸ್‌ಐನದ್ದು. ಕೆಲಸದಲ್ಲಿ ಆದ ಗಾಯಕ್ಕೆ ರಜೆಯ ದಿನಗಳಿಗೆ ಕೂಲಿಯ 90 ಶೇಕಡ ಸಿಗುತ್ತದೆ. ಕೆಲಸಕ್ಕೆ ಸೇರಿ ಒಂದೇ ದಿನವಾಗಿದ್ದರೂ ಸರಿ. ಮನೆಯಿಂದ ಫ್ಯಾಕ್ಟರಿಗೆ ಹೋಗುವಾಗ, ಬರುವಾಗ ಆದ ಅಪಘಾತಕ್ಕೂ ಇದು ಅನ್ವಯಿಸಬಹುದು. ಕಂಪನಿಯವರು ಅಪಘಾತದ ವರದಿ ಕಳಿಸಿದರಾ ಅಂತ ಕೇಳಿ ಖಚಿತಪಡಿಸಿಕೊಳ್ಳಿ. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸದವರ ಬಳಿ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಆಸ್ಪತ್ರೆ ಖರ್ಚಿಗೂ ಅಪಘಾತಕ್ಕೂ ಸಹಾಯಧನವಿದೆ.

ಆನೆ, ಹಾವು

ಕಾಡುಪ್ರಾಣಿಯಿಂದ ಗಾಯವಾದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅಂದೇ ತಿಳಿಸಿ. ಅವರು ಬಂದು ಸ್ಥಳ ನೋಡಿ ಮಹಜರು ಮಾಡಬೇಕು. ಹೆಜ್ಜೆ ಗುರುತಿನ, ಮುರಿದ ಗಿಡಗಳ ಫೋಟೋ ತೆಗೆದಿಡಿ. ಮಳೆ ಬಂದರೆ ಹೆಜ್ಜೆ ಉಳಿಯುವುದಿಲ್ಲ. ಹಾವು ಕಚ್ಚಿದರೆ ಸೀದಾ ಸರ್ಕಾರಿ ಆಸ್ಪತ್ರೆ. ವಿಷಕ್ಕೆ ಕೊಡುವ ಇಂಜೆಕ್ಷನ್ ಅಲ್ಲಿ ಉಚಿತ. ಖಾಸಗಿಯಲ್ಲಿ ಬಾಟಲಿ ಲೆಕ್ಕದಲ್ಲಿ ಬಿಲ್ ಏರುತ್ತದೆ. ನಾಟಿ ಮದ್ದಿಗೆ ಕಳೆಯುವ ಹೊತ್ತು ಆಮೇಲೆ ಐಸಿಯು ದಿನಗಳಾಗಿ ತಿರುಗಿ ಬರುತ್ತದೆ.

ರೇಷನ್ ಕಾರ್ಡಿನ ಯೋಜನೆ

ಮೇಲಿನ ಯಾವುದೂ ಹೊಂದದಿದ್ದರೆ, ಬಚ್ಚಲಲ್ಲೋ ಅಂಗಳದಲ್ಲೋ ಜಾರಿ ಬಿದ್ದಿದ್ದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, 30 ಶೇಕಡ ಮಾತ್ರ, ವರ್ಷಕ್ಕೆ 1.5 ಲಕ್ಷ ಮೀರದಂತೆ. ಕಾರ್ಡ್ ಮಾಡಿಸಿಲ್ಲ ಅಂತ ಕೈಚೆಲ್ಲಬೇಡಿ. ಆಧಾರ್, ರೇಷನ್ ಕಾರ್ಡ್ ಹಿಡಿದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಿಬ್ಬಂದಿಯನ್ನು, ಕಾಣಿ.

ಜನ ಎಡವುವುದು ರೆಫರಲ್ ವಿಷಯದಲ್ಲಿ. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಾಧ್ಯವಿಲ್ಲ ಅಂದಾಗ ಅವರು ರೆಫರಲ್ ಕೊಡುತ್ತಾರೆ. ಆಗ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಸಾಮಾನ್ಯ ಕೈಕಾಲು ಮುರಿತ ಹಿಮ್ಸ್‌ನಲ್ಲೇ ಆಗುವ ಆಪರೇಷನ್. ಅದಕ್ಕೆ ರೆಫರಲ್ ಸಿಗುವುದು ಕಷ್ಟ. ಮೊದಲೇ ಖಾಸಗಿಗೆ ಸೇರಿ, ಎರಡು ದಿನದ ಮೇಲೆ "ರೆಫರಲ್ ಬರೆಸಿಕೊಂಡು ಬನ್ನಿ" ಅನಿಸಿಕೊಂಡು ಊರೆಲ್ಲ ಅಲೆಯುವುದು ಇದೇ ಕಾರಣಕ್ಕೆ. ತುರ್ತು ಅಂತ ಗುರುತಿಸಿದ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಅಂತ ಆರೋಗ್ಯಮಿತ್ರರನ್ನೇ ಕೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಸರಳ ಮುರಿತಕ್ಕೆ ಜಿಲ್ಲಾ ಆಸ್ಪತ್ರೆಯೇ ಸಾಕು. ಮೆಡಿಕಲ್ ಕಾಲೇಜು ಆದ ಮೇಲೆ ಮೂಳೆ ವಿಭಾಗದಲ್ಲಿ ಡಾಕ್ಟರುಗಳಿದ್ದಾರೆ. ತೊಂದರೆ ಇರುವುದು ಕಾಯುವುದರಲ್ಲಿ, ಹಾಸಿಗೆಯಲ್ಲಿ, ಶೌಚಾಲಯದಲ್ಲಿ. ಆ ಕಷ್ಟ ತಪ್ಪಿಸಿಕೊಳ್ಳಲು ಒಂದೂವರೆ ಲಕ್ಷ ಸಾಲ ಮಾಡಬೇಕಾ ಅನ್ನುವುದು ನಿಮ್ಮ ಮನೆಯ ಲೆಕ್ಕ.

ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯಿಂದ "ಪ್ಲೇಟಿಗೆ ಬೇರೆ, ಇಂಜೆಕ್ಷನ್ನಿಗೆ ಬೇರೆ" ಅಂತ ಹಣ ಕೇಳಿದರೆ ರಸೀದಿ ಕೇಳಿ. ರಸೀದಿ ಅಂದ ಕೂಡಲೇ ಅರ್ಧ ಬೇಡಿಕೆ ಮಾಯವಾಗುತ್ತದೆ. ಆಗದಿದ್ದರೆ 104, ಇಲ್ಲವೇ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ನಿಲ್ಲಿಸಿದ್ದ ಯೋಜನೆಯನ್ನು 2022-23ರಲ್ಲಿ ಮತ್ತೆ ಶುರು ಮಾಡಿದರು. ಹಾಲಿನ ಡೇರಿ ಸಂಘದ ಸದಸ್ಯತ್ವ ಇದ್ದರೂ ಸಾಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ, ಅಂದರೆ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಿ. ಆದರೆ ಪ್ರತಿ ವರ್ಷ ನೋಂದಣಿಯ ಸಮಯದಲ್ಲೇ ವಂತಿಗೆ ಕಟ್ಟಿರಬೇಕು. ಕಾಲು ಮುರಿದ ಮೇಲೆ ಸೊಸೈಟಿಗೆ ಓಡಿದರೆ ಉಪಯೋಗವಿಲ್ಲ. ನಿಮ್ಮ ಚಿಕಿತ್ಸೆ ಅವರ ಪಟ್ಟಿಯಲ್ಲಿದೆಯಾ ಅಂತಲೂ ದಾಖಲಾಗುವ ಮೊದಲೇ ಕೇಳಿ.

ಆರೋಗ್ಯ ವಿಮೆ ಇದ್ದವರಿಗೆ

ಪಾಲಿಸಿ ತೆಗೆದುಕೊಂಡು ಹತ್ತೇ ದಿನವಾಗಿದೆ, ಕ್ಲೇಮ್ ಸಿಗಲ್ಲ ಅಂತ ಸುಮ್ಮನಾಗುವವರಿದ್ದಾರೆ. ಮೊದಲ 30 ದಿನ ಕಾಯಬೇಕು ಅನ್ನುವ ನಿಯಮ ಕಾಯಿಲೆಗೆ. ಅಪಘಾತಕ್ಕೆ ಅದು ಅನ್ವಯಿಸುವುದಿಲ್ಲ.

ತುರ್ತಾಗಿ ದಾಖಲಾದರೆ 48 ಗಂಟೆಯೊಳಗೆ ಕಂಪನಿಗೆ ತಿಳಿಸಿ. ನೆಟ್‌ವರ್ಕಿನಲ್ಲಿಲ್ಲದ ಆಸ್ಪತ್ರೆಯಾದರೂ ನಗದುರಹಿತವಾಗಿ ಕೊಡಿ ಅಂತ ಕೇಳುವ ಅವಕಾಶ 2024ರಿಂದ ಇದೆ. ಆಸ್ಪತ್ರೆ ಒಪ್ಪಬೇಕು ಅಷ್ಟೇ. ನಗದುರಹಿತದ ಮನವಿಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಅನುಮತಿ 3 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ವಿಮೆ ಕಂಪನಿಯೇ ಕಟ್ಟಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಮಾಡಿದ ನಿಯಮ ಇದು.

ರೂಮಿನ ವಿಷಯದಲ್ಲಿ ಹುಷಾರು. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ಮಿತಿ ಒಂದು ಶೇಕಡ, ಅಂದರೆ 3,000 ಅಂತ ಇಟ್ಟುಕೊಳ್ಳಿ. ನೀವು 6,000ದ ರೂಮ್ ತೆಗೆದುಕೊಂಡಿರಿ. ಬಾಡಿಗೆಯಲ್ಲಿ ಅರ್ಧ ನಿಮ್ಮದು, ಸರಿ. ಆದರೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಚಾರ್ಜಿನಲ್ಲೂ ಅದೇ ಲೆಕ್ಕದಲ್ಲಿ ಅರ್ಧ ಕತ್ತರಿಸಬಹುದು. ಔಷಧಿ, ಒಳಗೆ ಹಾಕುವ ಪ್ಲೇಟು-ಸ್ಕ್ರೂ, ಪರೀಕ್ಷೆಗಳ ಬಿಲ್ಲಿಗೆ ಹಾಗೆ ಕತ್ತರಿಸುವಂತಿಲ್ಲ. ಕತ್ತರಿಸಿದ್ದರೆ ಪ್ರಶ್ನಿಸಿ. ಒಟ್ಟಿನಲ್ಲಿ ಟಿವಿ ಇರುವ ರೂಮಿಗಿಂತ ಮಿತಿಯೊಳಗಿನ ರೂಮ್ ಕೇಳಿ. ಅದು ಖಾಲಿ ಇಲ್ಲ ಅಂದರೆ ಹಾಗಂತ ಬರೆಸಿಕೊಳ್ಳಿ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಖಾಸಗಿ ಬಿಲ್ ಓದುವುದು ಹೇಗೆ

ಚೌಕಾಸಿಗೆ ಸರಿಯಾದ ಸಮಯ ಆಪರೇಷನ್ನಿಗೆ ಮೊದಲು. ಡಿಸ್ಚಾರ್ಜ್ ದಿನ ಕೈಮುಗಿದರೆ ಹೆಚ್ಚೆಂದರೆ ಒಂದೆರಡು ಸಾವಿರ ಬಿಡುತ್ತಾರೆ. ಪ್ರಾಣಾಪಾಯ ಇಲ್ಲದ ಮುರಿತವಾದರೆ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ. ಪ್ಯಾಕೇಜಾ, ಬಿಡಿಬಿಡಿಯಾ? ಪ್ಯಾಕೇಜ್ ಆದರೆ ಪ್ಲೇಟು-ಸ್ಕ್ರೂ ಸೇರಿದೆಯಾ? ಯಾವ ಲೋಹದ್ದು, ಯಾವ ಕಂಪನಿಯದು, ಅದಕ್ಕಿಂತ ಕಡಿಮೆಯದು ಹಾಕಿದರೆ ಏನು ವ್ಯತ್ಯಾಸ? ಮೂಳೆ ಆಪರೇಷನ್ನಿನಲ್ಲಿ ಬಿಲ್ ಹಿಗ್ಗುವುದು ಹೆಚ್ಚಾಗಿ ಇಲ್ಲೇ. ಈ ಪ್ರಶ್ನೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ಹಿಂಜರಿಯುವುದು ಬೇಡ. ಒಳ್ಳೆಯ ಡಾಕ್ಟರು ಉತ್ತರ ಕೊಡುತ್ತಾರೆ. ಹಾಕಿದ ಪ್ಲೇಟಿನ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ. ಅದರ ಫೋಟೋ ಕೇಳಿ.

ಎರಡು ದಿನಕ್ಕೊಮ್ಮೆ ಅಲ್ಲಿಯವರೆಗಿನ ಬಿಲ್ ತೆಗೆಸಿ ನೋಡಿ. ಒಂದೇ ಪರೀಕ್ಷೆ ಎರಡು ಸಲ ಬಿದ್ದಿದೆಯಾ, ನೀವು ನೋಡದ ತಜ್ಞರ ಭೇಟಿ ಇದೆಯಾ ಅಂತ ಗಮನಿಸಿ. ಬಳಸದೆ ಉಳಿದ ಔಷಧಿ, ಗ್ಲೌಸು, ಡ್ರಿಪ್ ಬಾಟಲಿಗಳನ್ನು ಫಾರ್ಮಸಿಗೆ ವಾಪಸ್ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿ. ಚೀಟಿ ಪಡೆದು ಹೊರಗಿನ ಅಂಗಡಿಯಿಂದ ಔಷಧಿ ತರುವ ಹಕ್ಕು ರೋಗಿಗೆ ಇದೆ. ಜನೌಷಧಿ ಕೇಂದ್ರದಲ್ಲಿ ಅದೇ ನೋವಿನ ಮಾತ್ರೆ, ಆಂಟಿಬಯಾಟಿಕ್ ಬಹಳ ಕಡಿಮೆಗೆ ಸಿಗುತ್ತದೆ.

ಬಿಲ್ ಅನ್ಯಾಯ ಅನಿಸಿದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲೆಯಲ್ಲೇ ದೂರು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು. ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಅಂತಲೂ ಕಾಯ್ದೆ ಹೇಳುತ್ತದೆ.

ಮಂಗಳೂರು, ಬೆಂಗಳೂರಿಗೆ ಒಯ್ಯಿರಿ ಅಂದರೆ

ತಲೆಗೆ ಪೆಟ್ಟಾದಾಗ ಈ ಮಾತು ಬರುತ್ತದೆ. ಗಾಬರಿಯಲ್ಲಿ ಆಂಬುಲೆನ್ಸಿನವರು ಹೇಳಿದ ಆಸ್ಪತ್ರೆಗೆ ಹೋಗಬೇಡಿ. ಹೊರಡುವ ಮೊದಲು ಎಲ್ಲಿಗೆ ಅಂತ ತೀರ್ಮಾನಿಸಿ. ಅಲ್ಲಿ ಹಾಸಿಗೆ ಇದೆಯಾ ಅಂತ ಇಲ್ಲಿನ ಡಾಕ್ಟರಿಂದಲೇ ಫೋನ್ ಮಾಡಿಸಿ. ಬೆಂಗಳೂರಿನಲ್ಲಿ ತಲೆಗೆ ನಿಮ್ಹಾನ್ಸ್, ಮೂಳೆಗೆ ಸಂಜಯ್ ಗಾಂಧಿ ಆಸ್ಪತ್ರೆ. ಮಂಗಳೂರಿನಲ್ಲಿ ವೆನ್ಲಾಕ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ. ಇವೆಲ್ಲ ಸರ್ಕಾರದ ಆಸ್ಪತ್ರೆಗಳು. ರೆಫರಲ್ ಪತ್ರ ಮತ್ತು ಸ್ಕ್ಯಾನ್ ಫಿಲ್ಮ್ ಕೈಯಲ್ಲಿ ಇಲ್ಲದೆ ಹೊರಡಬೇಡಿ. ಫಿಲ್ಮ್ ಬಿಟ್ಟು ಹೋದರೆ ಅಲ್ಲಿ ಮತ್ತೆ ಸ್ಕ್ಯಾನ್, ಮತ್ತೆ ದುಡ್ಡು. ಖಾಸಗಿ ಆಂಬುಲೆನ್ಸ್ ಆದರೆ ಹತ್ತುವ ಮೊದಲೇ ದರ ಮಾತಾಡಿ, ರಸೀದಿ ಪಡೆಯಿರಿ. ಕ್ಲೇಮಿನಲ್ಲಿ ಅದೂ ಸೇರುತ್ತದೆ.

ಇಷ್ಟಾದರೂ ಹಣ ಸಾಲದಿದ್ದರೆ

ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಬಿಲ್ಲುಗಳು, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ರತಿ ಬೇಕು. ನಿಮ್ಮ ಶಾಸಕರ ಕಚೇರಿಯಲ್ಲಿ ಇದರ ರೂಢಿ ಗೊತ್ತಿರುವವರು ಇರುತ್ತಾರೆ. ಪಿಎಫ್ ಇದ್ದರೆ ಚಿಕಿತ್ಸೆಗೆ ಮುಂಗಡ ತೆಗೆಯಬಹುದು. ಅದನ್ನು ವಾಪಸ್ ಕಟ್ಟಬೇಕಿಲ್ಲ.

ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ ಕೊನೆಯಲ್ಲೋ ಜೂನ್ ಶುರುವಿನಲ್ಲೋ 20 ರೂಪಾಯಿ ಕಡಿತವಾಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಆಸ್ಪತ್ರೆ ಬಿಲ್ಲಿಗೆ ಬರುವುದಿಲ್ಲ. ಆದರೆ ಒಂದು ಕೈ, ಕಾಲು ಅಥವಾ ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ, ಎರಡೂ ಹೋದರೆ ಅಥವಾ ಸಾವಾದರೆ 2 ಲಕ್ಷ ಕೊಡುತ್ತದೆ. ಎಷ್ಟೋ ಮನೆಯವರಿಗೆ ತಮ್ಮ ಖಾತೆಯಲ್ಲಿ ಇದು ಇದೆ ಅಂತಲೇ ಗೊತ್ತಿರುವುದಿಲ್ಲ.

ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಚಿನ್ನದ ಸಾಲ, ಸೊಸೈಟಿ ಸಾಲ, ಸಂಘದ ಸಾಲ, ಈ ಕ್ರಮದಲ್ಲಿ ನೋಡಿ. ಮೀಟರ್ ಬಡ್ಡಿಯವರ ಹತ್ತಿರ ಹೋಗಲೇಬೇಡಿ. ತೋಟದ ಮಾಲೀಕರಿಂದ ಮುಂಗಡ ಪಡೆದರೆ ಅದು ಸಾಲವೋ, ಕೆಲಸದ ಗಾಯಕ್ಕೆ ಕೊಟ್ಟ ಖರ್ಚೋ ಅಂತ ಆಗಲೇ ಬರೆಸಿಕೊಳ್ಳಿ. ಮುಂದಿನ ಕೊಯ್ಲಿನ ಕೂಲಿಯಲ್ಲಿ ಕಳೆದುಕೊಳ್ಳುವಾಗ ಈ ಜಗಳ ಬರುತ್ತದೆ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ಎಕ್ಸ್‌ರೇ, ಹಣ ಕಟ್ಟಿದ ರಸೀದಿ ಎಲ್ಲ ಬಂದಿದೆಯಾ ನೋಡಿ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ ನಿಯಮ ಇದೆ. ವಿಮೆಗೂ ಕೋರ್ಟಿಗೂ ಮೂಲ ಬಿಲ್ಲನ್ನೇ ಕೇಳುತ್ತಾರೆ. ಹಾಗಾಗಿ ಒಂದು ಕಡೆ ಕೊಡುವ ಮೊದಲು ಆಸ್ಪತ್ರೆಯಿಂದ ದೃಢೀಕರಿಸಿದ ಇನ್ನೊಂದು ಪ್ರತಿ ಮಾಡಿಸಿಡಿ. ಆಟೋ ಬಾಡಿಗೆ, ಊರುಗೋಲು, ಬೆಲ್ಟು, ಫಿಸಿಯೋಥೆರಪಿ ಇವುಗಳ ರಸೀದಿಯನ್ನೂ ಎಸೆಯಬೇಡಿ. ಫಿಸಿಯೋಥೆರಪಿ ಜಿಲ್ಲಾ ಆಸ್ಪತ್ರೆಯಲ್ಲೂ ಇದೆ. ದುಡ್ಡು ಉಳಿಸಲು ಅದನ್ನೇ ಬಿಟ್ಟರೆ ಮೊಣಕಾಲು ಮಡಚದೆ ಉಳಿಯುತ್ತದೆ.

ಊನ ಉಳಿಯುವ ಹಾಗಿದ್ದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಿ. 40 ಶೇಕಡ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಸವಲತ್ತುಗಳಿವೆ.

ಹಾಕಿದ ಪ್ಲೇಟು-ಸ್ಕ್ರೂಗಳನ್ನು ಕೆಲವರಿಗೆ ಒಂದೆರಡು ವರ್ಷದ ಮೇಲೆ ತೆಗೆಯಬೇಕಾಗುತ್ತದೆ. ಅದು ಇನ್ನೊಂದು ಆಪರೇಷನ್, ಇನ್ನೊಂದು ಬಿಲ್. ನಿಮಗೆ ತೆಗೆಯಬೇಕಾ, ತೆಗೆದರೆ ಎಷ್ಟಾಗಬಹುದು ಅಂತ ಮೊದಲ ಫಾಲೋ-ಅಪ್‌ನಲ್ಲೇ ಡಾಕ್ಟರಿಂದ ಬರೆಸಿಕೊಳ್ಳಿ. ನ್ಯಾಯಮಂಡಳಿಯಲ್ಲಿ ಕೇಸ್ ನಡೆಯುತ್ತಿದ್ದರೆ ಆ ಚೀಟಿಯನ್ನು ತೀರ್ಪಿಗೆ ಮೊದಲೇ ವಕೀಲರ ಕೈಗೆ ಕೊಡಿ. ಮುಂದಿನ ಚಿಕಿತ್ಸೆಯ ಖರ್ಚು ಅಂತ ಅದನ್ನೂ ಸೇರಿಸಿ ಕೇಳಲು ಬರುತ್ತದೆ.